ಕಿರೀಟ ಇತ್ತು, ಬಾಡಿಗೆಗೆ ದುಡ್ಡಿರಲಿಲ್ಲ: ಆಲ್ತಿಯಾ ಗಿಬ್ಸನ್ ಕಥೆ

1957ರ ಜುಲೈ ತಿಂಗಳು. ವಿಂಬಲ್ಡನ್ ಮುಗಿದಿತ್ತು. ಲಂಡನ್ನಿನಲ್ಲಿ ಚಾಂಪಿಯನ್ನರಿಗೆ ಔತಣ. ಪುರುಷರಲ್ಲಿ ಗೆದ್ದವರು ಆಸ್ಟ್ರೇಲಿಯಾದ ಲ್ಯೂ ಹೋಡ್. ಮಹಿಳೆಯರಲ್ಲಿ ಗೆದ್ದವರು ಅಮೆರಿಕದ ಆಲ್ತಿಯಾ ಗಿಬ್ಸನ್. ಅಲ್ಲಿನ ಪದ್ಧತಿಯಂತೆ ಇಬ್ಬರೂ ಜೊತೆಯಾಗಿ ನೃತ್ಯ ಮಾಡಿದರು. ಆಲ್ತಿಯಾ ಹಾಡನ್ನೂ ಹಾಡಿದರು.

ಅಲ್ಲಿಂದ ಇಬ್ಬರ ದಾರಿ ಬೇರೆಯಾಯಿತು. ಹೋಡ್ ಕೂಡಲೇ ಜ್ಯಾಕ್ ಕ್ರೇಮರ್ ನಡೆಸುತ್ತಿದ್ದ ವೃತ್ತಿಪರ ಆಟಗಾರರ ತಂಡಕ್ಕೆ ಸಹಿ ಹಾಕಿದರು. ಅವರಿಗೆ ಖಾತ್ರಿಯಾದ ಮೊತ್ತ 1,25,000 ಡಾಲರ್. ಆ ಕಾಲಕ್ಕೆ ಅದು ತಲೆ ತಿರುಗುವಂಥ ದುಡ್ಡು. ಆಲ್ತಿಯಾ ನ್ಯೂಯಾರ್ಕಿಗೆ ವಾಪಸಾದರು. ಅಲ್ಲಿ ಅವರಿಗಾಗಿ ದೊಡ್ಡ ಮೆರವಣಿಗೆ ಕಾದಿತ್ತು. ಎತ್ತರದ ಕಟ್ಟಡಗಳ ಕಿಟಕಿಗಳಿಂದ ಕಾಗದದ ಚೂರುಗಳ ಮಳೆ ಸುರಿಯಿತು. ಸುಮಾರು ಒಂದು ಲಕ್ಷ ಜನ ರಸ್ತೆಬದಿಯಲ್ಲಿ ನಿಂತು ಕೈ ಬೀಸಿದರು. ಬಹುಮಾನದ ಹಣ ಮಾತ್ರ ಸೊನ್ನೆ.

ಆಲ್ತಿಯಾ ಗಿಬ್ಸನ್ ಬಗ್ಗೆ ಬರೆಯುವವರೆಲ್ಲ ಸಾಮಾನ್ಯವಾಗಿ ಒಂದೇ ಸಾಲಿನಿಂದ ಶುರು ಮಾಡುತ್ತಾರೆ: ವಿಂಬಲ್ಡನ್ ಗೆದ್ದ ಮೊದಲ ಕಪ್ಪು ಆಟಗಾರ್ತಿ. ನಿಜ. ಹೆಣ್ಣು ಗಂಡು ಅನ್ನದೆ ಹೇಳಿದರೂ ಅವರೇ ಮೊದಲಿಗರು. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಅರ್ಧ ಕಥೆ ಮಾತ್ರ ಹೇಳಿದಂತೆ. ಅವರ ಮುಂದೆ ಎರಡು ಬಾಗಿಲು ಮುಚ್ಚಿದ್ದವು. ಒಂದು ಬಣ್ಣದ ಬಾಗಿಲು. ಇನ್ನೊಂದು ದುಡ್ಡಿನ ಬಾಗಿಲು. ಮೊದಲನೆಯದರ ಮೇಲೆ ‘ಪ್ರವೇಶವಿಲ್ಲ’ ಎಂದು ಯಾರೂ ಬರೆದಿರಲಿಲ್ಲ, ಆದರೂ ಅದು ತೆರೆಯುತ್ತಿರಲಿಲ್ಲ. ಎರಡನೆಯದರ ಮೇಲೆ ನಿಯಮವನ್ನು ದೊಡ್ಡದಾಗಿಯೇ ಬರೆದಿದ್ದರು, ಅದು ತಪ್ಪು ಅಂತ ಹೆಚ್ಚಿನವರಿಗೆ ಅನ್ನಿಸಿರಲಿಲ್ಲ. ಈ ಎರಡು ಬಾಗಿಲುಗಳು ಹೇಗೆ ಕೆಲಸ ಮಾಡುತ್ತಿದ್ದವು ಅಂತ ಗೊತ್ತಾದರೆ ಆಲ್ತಿಯಾರ ಬದುಕು ಅರ್ಥವಾಗುತ್ತದೆ.

ಆಲ್ತಿಯಾ ಹುಟ್ಟಿದ್ದು 1927ರ ಆಗಸ್ಟ್ 25ರಂದು, ಅಮೆರಿಕದ ದಕ್ಷಿಣ ಕ್ಯಾರೊಲಿನಾ ರಾಜ್ಯದ ಸಿಲ್ವರ್ ಎಂಬ ಸಣ್ಣ ಊರಿನಲ್ಲಿ. ತಂದೆ ಡೇನಿಯಲ್, ತಾಯಿ ಆ್ಯನಿ. ಬೇರೆಯವರ ಹತ್ತಿ ಹೊಲವನ್ನು ಪಾಲಿಗೆ ಮಾಡುತ್ತಿದ್ದ ಸಂಸಾರ. ಬೆಳೆ ಕೈಕೊಟ್ಟಿತು, ಆರ್ಥಿಕ ಕುಸಿತ ಬಂತು. 1930ರ ಹೊತ್ತಿಗೆ ಸಂಸಾರ ನ್ಯೂಯಾರ್ಕಿನ ಹಾರ್ಲೆಮ್‌ಗೆ ಗುಳೆ ಹೋಯಿತು. ಹಾರ್ಲೆಮ್ ಎಂದರೆ ಕಪ್ಪು ಜನರ ದೊಡ್ಡ ಬಡಾವಣೆ.

ಹುಡುಗಿ ಮಹಾ ತುಂಟಿ. ಶಾಲೆಗೆ ಚಕ್ಕರ್ ಹೊಡೆಯುವುದು, ಸಿನಿಮಾಗೆ ಹೋಗುವುದು, ಮನೆಗೆ ಹೋದರೆ ಏಟು ಬೀಳುತ್ತದೆ ಅಂತ ರಾತ್ರಿಯಿಡೀ ಸಬ್‌ವೇ ರೈಲಿನಲ್ಲಿ ಸುತ್ತುವುದು. ಅಪ್ಪ ಅವಳಿಗೆ ಬಾಕ್ಸಿಂಗ್ ಕಲಿಸಿದ್ದರು. ಆ ಬೀದಿಗಳಲ್ಲಿ ಹುಡುಗಿಗೂ ಅದು ಬೇಕಾಗುತ್ತದೆ ಅನ್ನುವುದು ಅವರ ಲೆಕ್ಕ.

ಅವರ ಮನೆ ಇದ್ದದ್ದು 143ನೇ ಬೀದಿಯಲ್ಲಿ. ಅದೃಷ್ಟ ನೋಡಿ, ಮಕ್ಕಳು ಆಡಲಿ ಅಂತ ಪೊಲೀಸರು ಹಗಲು ಹೊತ್ತು ಅಡ್ಡಗಟ್ಟೆ ಹಾಕಿ ಗಾಡಿ ಓಡಾಟ ನಿಲ್ಲಿಸುತ್ತಿದ್ದ ಬೀದಿ ಅದೇ. ಅಲ್ಲಿ ಪ್ಯಾಡಲ್ ಟೆನಿಸ್ ಎಂಬ ಆಟ ನಡೆಯುತ್ತಿತ್ತು. ಟೆನಿಸ್ಸಿನ ಥರವೇ, ಆದರೆ ಜಾಗ ಚಿಕ್ಕದು, ಕೈಯಲ್ಲಿ ಮರದ ಬ್ಯಾಟು. ನಮ್ಮಲ್ಲಿ ಬೀದಿ ಕ್ರಿಕೆಟ್ ಹೇಗೋ ಹಾಗೆ. 12 ವರ್ಷಕ್ಕೇ ಅವಳು ಅದರಲ್ಲಿ ನಗರದ ಚಾಂಪಿಯನ್ ಆದಳು.

ಬಡ್ಡಿ ವಾಕರ್ ಎಂಬ ಸಂಗೀತಗಾರ ಬೇಸಿಗೆಯಲ್ಲಿ ಅಲ್ಲಿ ಮಕ್ಕಳ ಆಟ ನೋಡಿಕೊಳ್ಳುತ್ತಿದ್ದರು. ಈ ಹುಡುಗಿಯ ಹೊಡೆತ ನೋಡಿ ಅವಳಿಗೊಂದು ನಿಜವಾದ ರ‍್ಯಾಕೆಟ್ ಕೊಡಿಸಿದರು. ಮುಂದೆ ಹಾರ್ಲೆಮ್‌ನಲ್ಲೇ ಇದ್ದ ಕಾಸ್ಮೊಪಾಲಿಟನ್ ಟೆನಿಸ್ ಕ್ಲಬ್ ಅವಳನ್ನು ಸೇರಿಸಿಕೊಂಡಿತು. ಅದು ಕಪ್ಪು ಜನರಲ್ಲೇ ಸ್ಥಿತಿವಂತರ ಕ್ಲಬ್. ಅಲ್ಲಿ ಕಲಿಸಿದವರು ಫ್ರೆಡ್ ಜಾನ್ಸನ್, ಒಂದೇ ಕೈಯ ಕೋಚ್. ಸದಸ್ಯರಿಗೆ ಅವಳ ಆಟ ಇಷ್ಟ, ನಡವಳಿಕೆ ಕಷ್ಟ. ಬಿಳಿ ಬಟ್ಟೆ ಹಾಕಿಕೊಂಡು ಮೆಲ್ಲಗೆ ಮಾತಾಡುವ ಆ ಆಟ, ಎದುರಿನವರಿಗೆ ಗುದ್ದಬೇಕು ಅನ್ನಿಸುತ್ತಿದ್ದ ಈ ಹುಡುಗಿಗೆ ಮೊದಮೊದಲು ಒಗ್ಗಲೇ ಇಲ್ಲ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಆಗ ಅಮೆರಿಕದಲ್ಲಿ ಎರಡು ಟೆನಿಸ್ ಲೋಕಗಳಿದ್ದವು. ಒಂದು ಅಧಿಕೃತ ಲಾನ್ ಟೆನಿಸ್ ಸಂಸ್ಥೆಯದು. ಫಾರೆಸ್ಟ್ ಹಿಲ್ಸ್‌ನಲ್ಲಿ ನಡೆಯುತ್ತಿದ್ದ ರಾಷ್ಟ್ರೀಯ ಚಾಂಪಿಯನ್‌ಷಿಪ್, ಅಂದರೆ ಇಂದಿನ ಯುಎಸ್ ಓಪನ್, ಅವರದ್ದು. ಇನ್ನೊಂದು ಅಮೆರಿಕನ್ ಟೆನಿಸ್ ಅಸೋಸಿಯೇಷನ್. 1916ರಲ್ಲಿ ಕಪ್ಪು ಜನ ತಮಗೆ ಅಲ್ಲಿ ಜಾಗ ಇಲ್ಲ ಅಂತ ಕಟ್ಟಿಕೊಂಡ ಸಂಸ್ಥೆ. ಆಲ್ತಿಯಾ ಈ ಎರಡನೇ ಲೋಕದಲ್ಲಿ 1944 ಮತ್ತು 1945ರಲ್ಲಿ ಬಾಲಕಿಯರ ಪ್ರಶಸ್ತಿ ಗೆದ್ದಳು. 1946ರಲ್ಲಿ ಮಹಿಳೆಯರ ಫೈನಲ್ ಸೋತಳು.

ಸೋತದ್ದೇ ಒಳ್ಳೆಯದಾಯಿತು ಅನ್ನಬೇಕು. ಆ ಪಂದ್ಯ ನೋಡುತ್ತಿದ್ದವರಲ್ಲಿ ಇಬ್ಬರು ಕಪ್ಪು ವೈದ್ಯರಿದ್ದರು. ಒಬ್ಬರು ಉತ್ತರ ಕ್ಯಾರೊಲಿನಾದ ವಿಲ್ಮಿಂಗ್ಟನ್‌ನ ಹ್ಯೂಬರ್ಟ್ ಈಟನ್. ಇನ್ನೊಬ್ಬರು ವರ್ಜೀನಿಯಾದ ಲಿಂಚ್‌ಬರ್ಗ್‌ನ ರಾಬರ್ಟ್ ವಾಲ್ಟರ್ ಜಾನ್ಸನ್. ಮುಂದೆ ಟೆನಿಸ್ ತಾರೆ ಆರ್ಥರ್ ಆ್ಯಶ್‌ರನ್ನು ತಯಾರು ಮಾಡಿದವರೂ ಇದೇ ಜಾನ್ಸನ್. ಈ ಹುಡುಗಿ ಬಿಳಿಯರ ಟೆನಿಸ್ಸಿಗೂ ನುಗ್ಗಬಲ್ಲಳು ಅಂತ ಇಬ್ಬರಿಗೂ ಅನ್ನಿಸಿತು. ಶಾಲೆಯ ದಿನಗಳಲ್ಲಿ ಈಟನ್ ಮನೆಯಲ್ಲಿ, ಬೇಸಿಗೆಯಲ್ಲಿ ಜಾನ್ಸನ್ ಮನೆಯಲ್ಲಿ ಇರುವ ಏರ್ಪಾಡಾಯಿತು. ಇಬ್ಬರ ಮನೆಯಲ್ಲೂ ಸ್ವಂತ ಟೆನಿಸ್ ಕೋರ್ಟ್ ಇತ್ತು. ಶೋಕಿಗೆ ಅಂತ ತಿಳಿಯಬೇಡಿ. ಊರಿನ ಸಾರ್ವಜನಿಕ ಕೋರ್ಟುಗಳಿಗೆ ಕಪ್ಪು ಜನ ಕಾಲಿಡುವಂತಿರಲಿಲ್ಲ.

ಶಾಲೆ ಬಿಟ್ಟಿದ್ದ ಹುಡುಗಿ ವಿಲ್ಮಿಂಗ್ಟನ್‌ನಲ್ಲಿ ಮತ್ತೆ ಹೈಸ್ಕೂಲಿಗೆ ಸೇರಿದಳು. ಬಸ್ಸಿನಲ್ಲಿ ಕಪ್ಪು ಜನರಿಗೆ ಅಂತಲೇ ಬಿಟ್ಟ ಹಿಂದಿನ ಸೀಟುಗಳಲ್ಲಿ ಕೂರಬೇಕಿತ್ತು. ಹಾರ್ಲೆಮ್‌ನಲ್ಲಿ ಬಡತನ ಇತ್ತು, ಇಂಥ ಬೋರ್ಡು ಇರಲಿಲ್ಲ. ಬ್ರಿಟನ್ ರಾಣಿಯ ಕೈ ಕುಲುಕಿದ ಮೇಲೂ ಆ ಬಸ್ಸು ಅವರ ಮನಸ್ಸಿನಿಂದ ಹೋಗಲಿಲ್ಲ. ಅಲ್ಲಿಂದ ಇಲ್ಲಿಗೆ ಬಹಳ ದೂರ ಅಂತ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ.

1947ರಿಂದ ಆಲ್ತಿಯಾ ಕಪ್ಪು ಜನರ ರಾಷ್ಟ್ರೀಯ ಪ್ರಶಸ್ತಿಯನ್ನು ಸತತ ಹತ್ತು ವರ್ಷ ಗೆದ್ದರು. ಆ ಲೋಕದಲ್ಲಿ ಗೆಲ್ಲುವುದಕ್ಕೆ ಇನ್ನೇನೂ ಉಳಿದಿರಲಿಲ್ಲ.

ಈಗ ಮೊದಲ ಬಾಗಿಲಿಗೆ ಬರೋಣ. ಫಾರೆಸ್ಟ್ ಹಿಲ್ಸ್‌ನಲ್ಲಿ ಕಪ್ಪು ಜನ ಆಡಬಾರದು ಎಂಬ ನಿಯಮ ಎಲ್ಲೂ ಇರಲಿಲ್ಲ. ಕೇಳಿದರೆ ಸಂಸ್ಥೆಯವರು ಅದನ್ನೇ ಹೇಳುತ್ತಿದ್ದರು. ‘ಯಾರು ಬೇಕಾದರೂ ಆಡಬಹುದು, ಆದರೆ ಯೋಗ್ಯತೆ ತೋರಿಸಿರಬೇಕು.’ ಕೇಳಲು ನ್ಯಾಯವಾಗೇ ಇದೆ, ಅಲ್ವಾ? ಯೋಗ್ಯತೆ ತೋರಿಸುವುದು ಎಲ್ಲಿ? ಬೇಸಿಗೆಯಲ್ಲಿ ಪೂರ್ವ ಕರಾವಳಿಯ ಹುಲ್ಲಿನ ಕೋರ್ಟುಗಳ ಟೂರ್ನಿಗಳಲ್ಲಿ. ಆ ಟೂರ್ನಿಗಳು ನಡೆಯುವುದು ಎಲ್ಲಿ? ಖಾಸಗಿ ಕ್ಲಬ್ಬುಗಳಲ್ಲಿ. ಅಲ್ಲಿ ಆಡಲು ಏನು ಬೇಕು? ಕ್ಲಬ್ಬಿನ ಆಹ್ವಾನ. ಕ್ಲಬ್ಬಿನಲ್ಲಿ ಯಾರಿದ್ದಾರೆ? ಬಿಳಿಯರು ಮಾತ್ರ. ಆಹ್ವಾನ ಬರುವುದಿಲ್ಲ, ಆದ್ದರಿಂದ ಯೋಗ್ಯತೆ ಸಾಬೀತಾಗುವುದಿಲ್ಲ, ಆದ್ದರಿಂದ ಫಾರೆಸ್ಟ್ ಹಿಲ್ಸ್ ಇಲ್ಲ. ಇಷ್ಟೆಲ್ಲ ನಡೆದರೂ ‘ಬೇಡ’ ಅಂತ ಬಾಯಿಬಿಟ್ಟು ಹೇಳಿದವರು ಒಬ್ಬರೂ ಇಲ್ಲ. ಹಂಚಿಕೊಂಡ ತಪ್ಪಿಗೆ ಯಾರ ಕೈಯೂ ಮಸಿಯಾಗುವುದಿಲ್ಲ. ನಮ್ಮ ಕಡೆ ದೇವಸ್ಥಾನದ ಬಾಗಿಲು, ಬಾಡಿಗೆ ಮನೆಯ ಬಾಗಿಲುಗಳನ್ನು ನೋಡಿದವರಿಗೆ ಈ ಜಾಣತನ ಹೊಸದೇನಲ್ಲ.

ಒಳಾಂಗಣ ಟೂರ್ನಿಗಳಲ್ಲಿ ಸ್ವಲ್ಪ ಸಡಿಲ ಇತ್ತು. 1949ರಲ್ಲಿ ಆಲ್ತಿಯಾ ಅಲ್ಲಿ ಆಡಿ ಕ್ವಾರ್ಟರ್ ಫೈನಲ್ ತಲುಪಿದರು. 1950ರಲ್ಲಿ ರಾಷ್ಟ್ರೀಯ ಒಳಾಂಗಣ ಚಾಂಪಿಯನ್‌ಷಿಪ್‌ನ ಫೈನಲ್ ತನಕ ಹೋದರು. ಆದರೂ ಹುಲ್ಲಿನ ಕೋರ್ಟಿನ ಕ್ಲಬ್ಬುಗಳು ಬಾಯಿ ಬಿಡಲಿಲ್ಲ.

ಆಗ ಬಂತು ಒಂದು ಪತ್ರ. 1950ರ ಜುಲೈನ ‘ಅಮೆರಿಕನ್ ಲಾನ್ ಟೆನಿಸ್’ ಪತ್ರಿಕೆಯಲ್ಲಿ ಆಲಿಸ್ ಮಾರ್ಬಲ್ ಬರೆದದ್ದು. ಮಾರ್ಬಲ್ ಸಾಮಾನ್ಯರಲ್ಲ, 1939ರ ವಿಂಬಲ್ಡನ್ ಚಾಂಪಿಯನ್, ನಾಲ್ಕು ಬಾರಿ ಅಮೆರಿಕದ ಚಾಂಪಿಯನ್, ಬಿಳಿಯರು. ಅವರು ಬರೆದದ್ದರ ಸಾರ ಇಷ್ಟು: ಟೆನಿಸ್ ಮರ್ಯಾದಸ್ಥರ ಆಟವಾದರೆ ನಾವು ಮರ್ಯಾದಸ್ಥರ ಹಾಗೆ ನಡೆದುಕೊಳ್ಳಬೇಕು, ಸೋಗಲಾಡಿಗಳ ಹಾಗಲ್ಲ. ಆಲ್ತಿಯಾ ಈಗಿನ ಆಟಗಾರ್ತಿಯರಿಗೆ ಸವಾಲಾಗಿದ್ದರೆ ಆ ಸವಾಲನ್ನು ಕೋರ್ಟಿನಲ್ಲಿ ಎದುರಿಸಲಿ. ಅಲ್ಲಿ ಸೋತರೆ ಸೋಲಲಿ, ಕಮಿಟಿಯ ಕೋಣೆಯಲ್ಲಿ ಸೋಲಿಸಬೇಡಿ.

ಗಮನಿಸಬೇಕಾದ ಒಂದು ಸಂಗತಿ ಇದೆ. ಮಾರ್ಬಲ್ ಹತ್ತು ವರ್ಷ ಹಿಂದೆಯೇ ವೃತ್ತಿಪರರಾಗಿ ಅಧಿಕೃತ ಟೆನಿಸ್ಸಿನಿಂದ ಹೊರಗೆ ಬಂದಿದ್ದರು. ಸಂಸ್ಥೆ ಅವರಿಂದ ಕಿತ್ತುಕೊಳ್ಳುವಂಥದ್ದು ಜಾಸ್ತಿ ಏನೂ ಉಳಿದಿರಲಿಲ್ಲ. ಒಳಗಿದ್ದು ಆಡುತ್ತಿದ್ದವರಿಗೆ ಹೀಗೆ ಬರೆಯುವುದು ಸುಲಭವಿರಲಿಲ್ಲ. ಇದರಿಂದ ಮಾರ್ಬಲ್‌ರ ದಿಟ್ಟತನ ಕಮ್ಮಿಯಾಗುವುದಿಲ್ಲ.

ಪತ್ರದ ನಂತರವೂ ನ್ಯೂಜೆರ್ಸಿಯ ಮೇಪಲ್‌ವುಡ್‌ನ ಕ್ಲಬ್ಬು ಆಲ್ತಿಯಾರ ಅರ್ಜಿಯನ್ನು ತಳ್ಳಿಹಾಕಿತು. ಅದೇ ರಾಜ್ಯದ ಆರೆಂಜ್ ಲಾನ್ ಟೆನಿಸ್ ಕ್ಲಬ್ಬು ಮಾತ್ರ ಬನ್ನಿ ಅಂತು. ಅಷ್ಟು ಸಾಕಾಯಿತು. ಆಗಸ್ಟಿನಲ್ಲಿ ಫಾರೆಸ್ಟ್ ಹಿಲ್ಸ್‌ನ ಪಟ್ಟಿಯಲ್ಲಿ ಅವರ ಹೆಸರು ಬಂತು.

ಮೊದಲ ಸುತ್ತಿನಲ್ಲಿ ಇಂಗ್ಲೆಂಡಿನ ಬಾರ್ಬರಾ ನ್ಯಾಪ್ ವಿರುದ್ಧ 6-2, 6-2. ಎರಡನೇ ಸುತ್ತಿನಲ್ಲಿ ಎದುರಾದದ್ದು ಲೂಯಿಸ್ ಬ್ರೌ. ಸತತ ಮೂರು ವಿಂಬಲ್ಡನ್ ಗೆದ್ದು ಬಂದಿದ್ದವರು. ಮೊದಲ ಸೆಟ್ಟು 1-6 ಹೋಯಿತು. ಎರಡನೆಯದನ್ನು 6-3ಕ್ಕೆ ಆಲ್ತಿಯಾ ಗೆದ್ದರು. ಮೂರನೆಯದರಲ್ಲಿ 7-6 ಮುಂದಿದ್ದರು. ಆಗ ಟೈಬ್ರೇಕರ್ ಇರಲಿಲ್ಲ, ಎರಡು ಗೇಮಿನ ಅಂತರ ಬರುವ ತನಕ ಆಡುತ್ತಲೇ ಇರಬೇಕು. ಇನ್ನೊಂದೇ ಗೇಮ್ ಸಾಕಿತ್ತು. ಅಷ್ಟರಲ್ಲಿ ಗುಡುಗು ಮಳೆ. ಸಿಡಿಲು ಬಡಿದು ಕ್ರೀಡಾಂಗಣದ ಮೇಲಿನ ಕಲ್ಲಿನ ಹದ್ದೊಂದು ಕೆಳಗೆ ಬಿತ್ತು. ಯಾರಾದರೂ ಕಥೆಯಲ್ಲಿ ಹೀಗೆ ಬರೆದಿದ್ದರೆ ಅತಿಯಾಯಿತು ಅನ್ನುತ್ತಿದ್ದೆವು. ಆಟ ಮರುದಿನಕ್ಕೆ ಹೋಯಿತು. ರಾತ್ರಿಯಿಡೀ ಯೋಚನೆ ಮಾಡಿದ ಆಲ್ತಿಯಾ ಮರುದಿನ 11 ನಿಮಿಷದಲ್ಲಿ ಸೋತರು. ಬ್ರೌ 9-7.

ಬಾಗಿಲು ತೆರೆದದ್ದು ಹೀಗೆ. ಮರುವರ್ಷ, 1951ರಲ್ಲಿ, ವಿಂಬಲ್ಡನ್ನಿನಲ್ಲೂ ಆಡಿದ ಮೊದಲ ಕಪ್ಪು ಆಟಗಾರ್ತಿಯಾದರು.

ಇಲ್ಲಿಂದ ನೇರ ಮೇಲಕ್ಕೇ ಹೋದರು ಅಂತ ನೀವು ಅಂದುಕೊಂಡಿದ್ದರೆ, ಇಲ್ಲ. ಮುಂದಿನ ನಾಲ್ಕೈದು ವರ್ಷ ಆಟ ಅಲ್ಲೇ ಹೊರಳಾಡುತ್ತಿತ್ತು. ಅಮೆರಿಕದೊಳಗಿನ ರ‍್ಯಾಂಕಿಂಗ್‌ನಲ್ಲಿ 1953ರಲ್ಲಿ 7ನೇ ಸ್ಥಾನ, ಮರುವರ್ಷ 13. ‘ದೊಡ್ಡ ನಿರಾಶೆ’ ಅಂತ ಪತ್ರಿಕೆಯವರು ಬರೆಯತೊಡಗಿದರು. ಕಾರಣ ಪ್ರತಿಭೆಯ ಕೊರತೆಯಲ್ಲ. 5 ಅಡಿ 11 ಅಂಗುಲದ ಎತ್ತರ, ಸಿಡಿಲಿನಂಥ ಸರ್ವ್, ನೆಟ್ಟಿನ ಬಳಿ ಎಲ್ಲವನ್ನೂ ಎಟುಕಿಸುವ ಕೈ. ಆದರೆ ಆ ಹೊಡೆತಗಳು ಬಿದ್ದರೆ ಗೆರೆಯೊಳಗೆ, ಇಲ್ಲದಿದ್ದರೆ ಬೇಲಿಗೆ. ಹಾರ್ಲೆಮ್‌ನಲ್ಲಿ ಟ್ಯಾಕ್ಸಿ ಓಡಿಸುತ್ತ ಟೆನಿಸ್ ಕಲಿಸುತ್ತಿದ್ದ ಸಿಡ್ನಿ ಲೆವೆಲಿನ್ ಅವರ ಕೈಗೆ ಬಿದ್ದ ಮೇಲೆ ಆಟ ಬದಲಾಯಿತು. ಅವರು ಮೊದಲು ಬದಲಿಸಿದ್ದು ರ‍್ಯಾಕೆಟ್ ಹಿಡಿಯುವ ರೀತಿ. ಕಾಂಟಿನೆಂಟಲ್ ಗ್ರಿಪ್ ಬಿಡಿಸಿ ಈಸ್ಟರ್ನ್ ಗ್ರಿಪ್ ಕಲಿಸಿದರು. ಸರಳವಾಗಿ ಹೇಳುವುದಾದರೆ, ಮೊದಲನೆಯದು ಸುತ್ತಿಗೆ ಹಿಡಿದ ಹಾಗೆ, ನೆಟ್ಟಿನ ಬಳಿ ಅನುಕೂಲ. ಎರಡನೆಯದು ಎದುರಿನವರ ಕೈ ಕುಲುಕಿದ ಹಾಗೆ. ಅಂಗೈ ರ‍್ಯಾಕೆಟ್ಟಿನ ಹಿಂದೆ ಬರುತ್ತದೆ, ಪುಟಿದು ಬಂದ ಚೆಂಡಿನ ಮೇಲೆ ಹಿಡಿತ ಸಿಗುತ್ತದೆ. ಬೆಳೆದ ಆಟಗಾರ್ತಿಗೆ ಗ್ರಿಪ್ ಬದಲಿಸುವುದು ಎಂದರೆ ಎಡಗೈಯಲ್ಲಿ ಬರೆಯಲು ಕಲಿತಂತೆ. ಒಂದಷ್ಟು ಕಾಲ ಎಲ್ಲ ಕೆಟ್ಟೇ ಹೋಗುತ್ತದೆ.

ಈ ನಡುವೆ ಫ್ಲಾರಿಡಾದ ಎ ಆ್ಯಂಡ್ ಎಂ ಕಾಲೇಜಿನಲ್ಲಿ 1953ರಲ್ಲಿ ಪದವಿ ಮುಗಿಸಿದರು. ಮಿಸ್ಸೌರಿಯ ಲಿಂಕನ್ ವಿಶ್ವವಿದ್ಯಾಲಯದಲ್ಲಿ ದೈಹಿಕ ಶಿಕ್ಷಣದ ಮೇಡಂ ಆದರು. ಟೆನಿಸ್ಸಿನಿಂದ ಒಂದು ಪೈಸೆ ಹುಟ್ಟುತ್ತಿರಲಿಲ್ಲ. 1955ರಲ್ಲಿ ಸಾಕು ಅನ್ನಿಸಿ ಸೈನ್ಯದ ಮಹಿಳಾ ವಿಭಾಗ ಸೇರುವ ಯೋಚನೆ ಮಾಡಿದ್ದರು.

ಆಗ ಅಮೆರಿಕದ ವಿದೇಶಾಂಗ ಇಲಾಖೆಯಿಂದ ಕರೆ ಬಂತು. ನಾಲ್ಕು ಆಟಗಾರರ ತಂಡ ಏಷ್ಯಾ ಪ್ರವಾಸಕ್ಕೆ ಹೋಗಬೇಕು, ಬರ್ತೀರಾ ಅಂತ. ಇದು ಬರೀ ಟೆನಿಸ್ ಪ್ರೀತಿಯಲ್ಲ. ಆ ವರ್ಷವೇ ಮಿಸ್ಸಿಸಿಪ್ಪಿಯಲ್ಲಿ ಎಮೆಟ್ ಟಿಲ್ ಎಂಬ 14ರ ಕಪ್ಪು ಹುಡುಗನನ್ನು ಕೊಂದು ಹಾಕಿದ್ದರು, ಕೊಂದವರು ಖುಲಾಸೆಯಾಗಿದ್ದರು. ಜಗತ್ತೆಲ್ಲ ಅಮೆರಿಕಕ್ಕೆ ಛೀಮಾರಿ ಹಾಕುತ್ತಿತ್ತು. ಸೋವಿಯತ್ ಜೊತೆ ಪೈಪೋಟಿಯ ಕಾಲ ಬೇರೆ. ನಮ್ಮಲ್ಲಿ ಕಪ್ಪು ಜನರೂ ಚೆನ್ನಾಗಿದ್ದಾರೆ ಅಂತ ತೋರಿಸಲು ಒಂದು ಮುಖ ಬೇಕಿತ್ತು. ಹೋಟೆಲಿನಲ್ಲಿ ರೂಮು ಕೊಡದ ದೇಶವೇ ಹೊರಗೆ ಅವರನ್ನು ರಾಯಭಾರಿ ಮಾಡಿತು. ಆಲ್ತಿಯಾಗೆ ಇದು ಗೊತ್ತಾಗದೆ ಇರಲಿಲ್ಲ. ಆದರೆ ಟೆನಿಸ್ ಆಡುತ್ತ ಲೋಕ ಸುತ್ತುವ ಅವಕಾಶ ಬಿಡಲು ಅವರು ತಯಾರಿರಲಿಲ್ಲ.

ಬರ್ಮಾ, ಭಾರತ, ಪಾಕಿಸ್ತಾನ, ಸಿಲೋನ್. ಭಾರತದಲ್ಲಿ ಅವರಿಗೆ ಪರಿಚಯವಾದ ಗೆಳತಿ ಏಂಜೆಲಾ ಬಕ್ಸ್‌ಟನ್. ಇಂಗ್ಲೆಂಡಿನ ಯಹೂದಿ ಹುಡುಗಿ, ಅವಳೂ ಆಡಲು ಬಂದಿದ್ದಳು. ಯಹೂದಿ ಅನ್ನುವ ಕಾರಣಕ್ಕೆ ಲಂಡನ್ನಿನ ಕ್ಲಬ್ಬುಗಳು ಅವಳನ್ನು ದೂರ ಇಟ್ಟಿದ್ದವು. ಆಲ್ತಿಯಾಗೂ ಡಬಲ್ಸ್‌ನಲ್ಲಿ ಜೊತೆಗಾರ್ತಿ ಇರಲಿಲ್ಲ, ಏಂಜೆಲಾಗೂ ಇರಲಿಲ್ಲ. ಇಬ್ಬರೂ ಜೋಡಿಯಾದರು. ಈ ಹೆಸರು ನೆನಪಿರಲಿ, ಕೊನೆಯಲ್ಲಿ ಮತ್ತೆ ಬರುತ್ತದೆ.

ಪ್ರವಾಸ ಮುಗಿದ ಮೇಲೂ ಆಲ್ತಿಯಾ ಮನೆಗೆ ಹೋಗಲಿಲ್ಲ. ಯುರೋಪಿನಲ್ಲಿ ಸಿಕ್ಕ ಸಿಕ್ಕ ಟೂರ್ನಿ ಆಡಿ ಗೆಲ್ಲುತ್ತ ಹೋದರು. 1956ರ ಫ್ರೆಂಚ್ ಚಾಂಪಿಯನ್‌ಷಿಪ್‌ನ ಸೆಮಿಫೈನಲ್‌ನಲ್ಲಿ ಎದುರಾದದ್ದು ಏಂಜೆಲಾನೇ. ಆಟದ ಮಧ್ಯೆ ಆಲ್ತಿಯಾರ ಒಳ ಉಡುಪಿನ ಪಟ್ಟಿ ಕಿತ್ತುಬಂತು. ಎದುರಾಳಿ ಏಂಜೆಲಾ ಓಡಿ ಬಂದು ಮರೆಯಾಗಿ ನಿಂತಳು. ಫೈನಲ್‌ನಲ್ಲಿ ಇನ್ನೊಬ್ಬ ಏಂಜೆಲಾ, ಅಂದರೆ ಏಂಜೆಲಾ ಮಾರ್ಟಿಮರ್‌ರನ್ನು 6-0, 12-10ರಿಂದ ಸೋಲಿಸಿ ಆಲ್ತಿಯಾ ಗ್ರ್ಯಾಂಡ್‌ಸ್ಲ್ಯಾಮ್ ಗೆದ್ದ ಮೊದಲ ಕಪ್ಪು ಆಟಗಾರ್ತಿಯಾದರು. ಬಕ್ಸ್‌ಟನ್ ಜೊತೆ ಅಲ್ಲಿ ಡಬಲ್ಸ್ ಕೂಡ ಗೆದ್ದರು, ಒಂದೆರಡು ತಿಂಗಳಲ್ಲಿ ವಿಂಬಲ್ಡನ್ ಡಬಲ್ಸ್ ಕೂಡ. ಆ ಸಲ ಸಿಂಗಲ್ಸ್‌ನಲ್ಲಿ ಮಾತ್ರ ಶರ್ಲಿ ಫ್ರೈ ದಾರಿಗೆ ಅಡ್ಡ ಬಂದರು. ವಿಂಬಲ್ಡನ್ ಕ್ವಾರ್ಟರ್ ಫೈನಲ್, ಫಾರೆಸ್ಟ್ ಹಿಲ್ಸ್ ಫೈನಲ್, 1957ರ ಆಸ್ಟ್ರೇಲಿಯಾ ಫೈನಲ್ ಮೂರರಲ್ಲೂ ಫ್ರೈ ಗೆದ್ದರು. ಆಮೇಲೆ ಆಸ್ಟ್ರೇಲಿಯಾದಲ್ಲೇ ಮದುವೆಯಾಗಿ ಆಟ ನಿಲ್ಲಿಸಿದರು. ಆಲ್ತಿಯಾ ನಿಟ್ಟುಸಿರು ಬಿಟ್ಟಿರಬೇಕು.

1957ರ ಜುಲೈ 6, ಬಿರುಬಿಸಿಲು. ವಿಂಬಲ್ಡನ್ ಫೈನಲ್‌ನಲ್ಲಿ ಡಾರ್ಲೀನ್ ಹಾರ್ಡ್ ವಿರುದ್ಧ 6-3, 6-2. ರಾಣಿ ಎಲಿಜಬೆತ್ ಪಟ್ಟಕ್ಕೆ ಬಂದ ಮೇಲೆ ಮೊದಲ ಸಲ ವಿಂಬಲ್ಡನ್‌ಗೆ ಬಂದಿದ್ದರು, ಟ್ರೋಫಿ ಅವರೇ ಕೊಟ್ಟರು. ಸೆಪ್ಟೆಂಬರಿನಲ್ಲಿ ಫಾರೆಸ್ಟ್ ಹಿಲ್ಸ್ ಫೈನಲ್. ಎದುರಿಗೆ ಅದೇ ಲೂಯಿಸ್ ಬ್ರೌ, ಏಳು ವರ್ಷ ಹಿಂದೆ ಮಳೆಯ ಮರುದಿನ ಗೆದ್ದವರು. ಈ ಸಲ ಮಳೆ ಬರಲಿಲ್ಲ, 6-3, 6-2. 1958ರಲ್ಲಿ ಎರಡೂ ಪ್ರಶಸ್ತಿಗಳನ್ನು ಮತ್ತೆ ಗೆದ್ದರು. ಸಿಂಗಲ್ಸ್, ಡಬಲ್ಸ್, ಮಿಶ್ರ ಡಬಲ್ಸ್ ಸೇರಿ ಒಟ್ಟು 11 ಗ್ರ್ಯಾಂಡ್‌ಸ್ಲ್ಯಾಮ್. ಎರಡು ವರ್ಷ ಸತತವಾಗಿ ಅಮೆರಿಕದ ವರ್ಷದ ಮಹಿಳಾ ಕ್ರೀಡಾಪಟು.

ಹಾಗಿದ್ದೂ ಅವರು ಎಲ್ಲರಿಗೂ ಪ್ರಿಯರಾಗಲಿಲ್ಲ. ಬೇಸ್‌ಬಾಲ್‌ನಲ್ಲಿ ಜಾಕಿ ರಾಬಿನ್ಸನ್ 1947ರಲ್ಲಿ ಬಣ್ಣದ ಗೋಡೆ ಒಡೆದಿದ್ದರು. ಆಲ್ತಿಯಾ ಕೂಡ ಅವರ ಹಾಗೆ ಕಪ್ಪು ಜನರ ಪರ ಮಾತಾಡಬೇಕು ಅಂತ ಕಪ್ಪು ಪತ್ರಿಕೆಗಳೇ ಒತ್ತಾಯಿಸಿದವು. ನಾನು ಯಾರ ಪರವೂ ಡೋಲು ಬಾರಿಸುವವಳಲ್ಲ, ನಾನು ಟೆನಿಸ್ ಆಟಗಾರ್ತಿ, ಅಂತ ಅವರು ಉತ್ತರ ಕೊಟ್ಟರು. ಜಂಭದವಳು ಅಂತ ಹೆಸರು ಬಂತು. ನನಗೆ ಅನ್ನಿಸುವುದು ಬೇರೆ. ಗೆಲ್ಲುವ ಹೊರೆ ಹೊತ್ತವರ ತಲೆಯ ಮೇಲೆ ಇನ್ನೊಂದು ಮೂಟೆ ಇಡುವುದು ನಮಗೆ ಸುಲಭ. ಬಿಳಿ ಚಾಂಪಿಯನ್ನರನ್ನು ಯಾರೂ ‘ನಿಮ್ಮ ಜನಾಂಗಕ್ಕೆ ಏನು ಮಾಡಿದಿರಿ’ ಅಂತ ಕೇಳುತ್ತಿರಲಿಲ್ಲ.

ಈಗ ಎರಡನೇ ಬಾಗಿಲು. 1968ರ ತನಕ ವಿಂಬಲ್ಡನ್, ಫಾರೆಸ್ಟ್ ಹಿಲ್ಸ್‌ನಂಥ ಟೂರ್ನಿಗಳಲ್ಲಿ ಹವ್ಯಾಸಿಗಳು ಮಾತ್ರ ಆಡಬಹುದಿತ್ತು. ಹವ್ಯಾಸಿ ಅಂದರೆ ಆಟದಿಂದ ಸಂಪಾದನೆ ಮಾಡದವರು. ಆಡಿದ್ದಕ್ಕೆ ದುಡ್ಡು ಪಡೆದರೆ ನೀವು ವೃತ್ತಿಪರರು. ಒಮ್ಮೆ ವೃತ್ತಿಪರರಾದರೆ ದೊಡ್ಡ ಟೂರ್ನಿಗಳಿಗೆಲ್ಲ ನಮಸ್ಕಾರ. ಇದರ ಬೇರು ಇಂಗ್ಲೆಂಡಿನ ಸಿರಿವಂತರ ಯೋಚನೆಯಲ್ಲಿದೆ. ಆಟ ಪ್ರೀತಿಗಾಗಿ ಆಡಬೇಕು, ಕೂಲಿಗಲ್ಲ ಅನ್ನುವುದು. ಮಾತು ಚೆಂದ. ಆದರೆ ಬೇರೆ ಕಡೆಯಿಂದ ಊಟಕ್ಕೆ ಬರುವವರು ಮಾತ್ರ ಆ ಮಾತು ಆಡಬಲ್ಲರು.

ನಿಯಮ ಎಷ್ಟು ಬಿಗಿ ಇತ್ತು ಅನ್ನುವುದಕ್ಕೆ ಪಾಲಿನ್ ಬೆಟ್ಜ್ ಸಾಕ್ಷಿ. 1946ರಲ್ಲಿ ವಿಂಬಲ್ಡನ್, ಫಾರೆಸ್ಟ್ ಹಿಲ್ಸ್ ಎರಡನ್ನೂ ಗೆದ್ದವರು. ವೃತ್ತಿಪರರಾದರೆ ಹೇಗೆ ಅಂತ ಮಾತುಕತೆ ನಡೆಸಿದ್ದಕ್ಕೇ 1947ರಲ್ಲಿ ಅವರನ್ನು ಅಮಾನತು ಮಾಡಿದರು. ದುಡ್ಡು ತೆಗೆದುಕೊಂಡಿದ್ದಕ್ಕಲ್ಲ, ವಿಚಾರಿಸಿದ್ದಕ್ಕೆ! ಇನ್ನೊಂದು ಕಡೆ, ದೊಡ್ಡ ಹೆಸರಿನ ಗಂಡಸರಿಗೆ ‘ಖರ್ಚಿಗೆ’ ಅಂತ ಮೇಜಿನ ಕೆಳಗೆ ಹಣ ಸಂದಾಯವಾಗುತ್ತಿತ್ತು. ಅದು ಎಲ್ಲರಿಗೂ ಗೊತ್ತಿತ್ತು.

ವೃತ್ತಿಪರ ದಾರಿಯೂ ಗಂಡಸರಿಗೆ ಮಾತ್ರ ಚೆನ್ನಾಗಿತ್ತು. ಕ್ರೇಮರ್ ತಂಡ ಊರೂರು ಸುತ್ತಿ ಪ್ರದರ್ಶನ ಪಂದ್ಯ ಆಡುತ್ತಿತ್ತು, ಟಿಕೆಟ್ ಮಾರುತ್ತಿತ್ತು. ವಿಂಬಲ್ಡನ್ ಗೆದ್ದ ಗಂಡಸಿಗೆ ಕ್ರೇಮರ್ ಕರೆ ಬರುವುದು ಹೆಚ್ಚುಕಡಿಮೆ ಖಾತ್ರಿ. ನಮ್ಮ ರಾಮನಾಥನ್ ಕೃಷ್ಣನ್ ಅವರಿಗೂ ಬಂದಿತ್ತು, ಅವರು ಒಪ್ಪಲಿಲ್ಲ. ಹೆಂಗಸರಿಗೆ ಅಂಥ ಕಾಯಂ ತಂಡವೇ ಇರಲಿಲ್ಲ. ಹಾಗಾಗಿ ಆಲ್ತಿಯಾ ಇಷ್ಟು ವರ್ಷ ಬದುಕಿದ್ದು ಬೇರೆಯವರ ನೆರವಿನಿಂದ. ಇಬ್ಬರು ವೈದ್ಯರು ಸಾಕಿದರು. ಬಾಕ್ಸರ್ ಶುಗರ್ ರೇ ರಾಬಿನ್ಸನ್ ದಂಪತಿ ಮನೆಯವರ ಹಾಗೆ ನೋಡಿಕೊಂಡರು. ಇನ್ನೊಬ್ಬ ಬಾಕ್ಸರ್ ಜೋ ಲೂಯಿಸ್ ನೆರವಾದರು.

1958ರಲ್ಲಿ, 31ರ ವಯಸ್ಸಿಗೆ, ಜಗತ್ತಿನ ನಂಬರ್ ಒನ್ ಆಗಿರುವಾಗಲೇ ಆಲ್ತಿಯಾ ಹವ್ಯಾಸಿ ಟೆನಿಸ್ ಬಿಟ್ಟರು. ಕಾರಣವನ್ನು ಅವರೇ ಮುಂದೆ ಬರೆದರು. ಕಿರೀಟ ಎಲ್ಲ ಸರಿ, ಆದರೆ ಕಿರೀಟ ತಿನ್ನೋಕಾಗಲ್ಲ. ಮನೆ ಮಾಲೀಕ, ದಿನಸಿ ಅಂಗಡಿಯವನು, ತೆರಿಗೆಯವನು ಎಲ್ಲರಿಗೂ ನಗದೇ ಬೇಕು.

ಆಮೇಲಿನದ್ದನ್ನು ಬೇಗ ಹೇಳಿಬಿಡುತ್ತೇನೆ, ಯಾಕೆಂದರೆ ಅದು ಒಂದು ಕೆಲಸದಿಂದ ಇನ್ನೊಂದಕ್ಕೆ ಓಡಿದ ಕಥೆ. ಹಾಡಿನ ರೆಕಾರ್ಡ್ ತಂದರು, ಹೆಚ್ಚು ಮಾರಲಿಲ್ಲ. 1959ರಲ್ಲಿ ಜಾನ್ ವೇಯ್ನ್ ನಟಿಸಿದ ಸಿನಿಮಾದಲ್ಲಿ ಗುಲಾಮ ಹೆಂಗಸಿನ ಪಾತ್ರ ಸಿಕ್ಕಿತು. ಕಪ್ಪು ಜನರನ್ನು ಗೇಲಿ ಮಾಡುವ ಧಾಟಿಯ ಮಾತುಗಳನ್ನು ಆಡಲು ಒಪ್ಪಲಿಲ್ಲ, ನಿರ್ದೇಶಕರು ಮಾತು ಬದಲಿಸಬೇಕಾಯಿತು. ಡೋಲು ಬಾರಿಸುವವಳಲ್ಲ ಎಂದವರು ಇವರೇ. ಹಾರ್ಲೆಮ್ ಗ್ಲೋಬ್‌ಟ್ರಾಟರ್ಸ್ ಬ್ಯಾಸ್ಕೆಟ್‌ಬಾಲ್ ತಂಡದ ಜೊತೆ ಊರೂರು ಸುತ್ತಿದರು. ಬ್ಯಾಸ್ಕೆಟ್‌ಬಾಲ್ ನೋಡಲು ಬಂದವರ ಮುಂದೆ ಟೆನಿಸ್ ಆಟಗಾರ್ತಿ ಕ್ಯಾರಲ್ ಫೇಜರೋಸ್ ಜೊತೆ ಟೆನಿಸ್ ಆಡಿ ತೋರಿಸುವುದು. ಅದರಿಂದ ಒಳ್ಳೆಯ ದುಡ್ಡೇ ಬಂತು. ಆಮೇಲೆ ಸ್ವಂತ ಪ್ರವಾಸ ಏರ್ಪಡಿಸಲು ಹೋಗಿ ಕಳೆದುಕೊಂಡರು. ಬ್ರೆಡ್ ಕಂಪನಿಯೊಂದರ ಪ್ರಚಾರಕ್ಕೂ ಕೆಲಸ ಮಾಡಿದರು. ತಾನು ಸೋಲಿಸಿದ ಬಿಳಿ ಆಟಗಾರ್ತಿಯರಿಗೆ ಅವಕಾಶಗಳು ಬರುವುದನ್ನು ನೋಡಿದಾಗ, ತನ್ನ ಗೆಲುವಿನಿಂದ ಗೋಡೆ ಪೂರ್ತಿ ಬಿದ್ದಿರಲಿಲ್ಲ ಅಂತ ಅವರಿಗೆ ಅರಿವಾಯಿತು.

1964ರಲ್ಲಿ ಗಾಲ್ಫ್ ಹಿಡಿದರು. ಮಹಿಳಾ ವೃತ್ತಿಪರ ಗಾಲ್ಫ್‌ನಲ್ಲಿ ಆಡಿದ ಮೊದಲ ಕಪ್ಪು ಆಟಗಾರ್ತಿ. ಮತ್ತೆ ಅದೇ ಪಾಠ. ಕೆಲವು ಕ್ಲಬ್ಬುಗಳು ಮೈದಾನಕ್ಕೆ ಬಿಟ್ಟರೂ ಒಳಗೆ ಬಿಡುತ್ತಿರಲಿಲ್ಲ. ಎರಡು ವಿಂಬಲ್ಡನ್ ಗೆದ್ದವರು ಕಾರಿನಲ್ಲಿ ಕೂತು ಶೂ ಬದಲಿಸಿಕೊಂಡರು. 1970ರಲ್ಲಿ ಒಂದು ಟೂರ್ನಿಯಲ್ಲಿ ಎರಡನೇ ಸ್ಥಾನ ಹಂಚಿಕೊಂಡದ್ದೇ ಅಲ್ಲಿನ ಅತ್ಯುತ್ತಮ ಸಾಧನೆ. ಮುಂದೆ ನ್ಯೂಜೆರ್ಸಿ ರಾಜ್ಯದ ಕ್ರೀಡಾ ಆಯುಕ್ತೆಯಾಗಿಯೂ ಕೆಲಸ ಮಾಡಿದರು.

ಇತ್ತ 1968ರಲ್ಲಿ ಟೆನಿಸ್‌ನ ದುಡ್ಡಿನ ಬಾಗಿಲು ತೆರೆಯಿತು. ಆ ವರ್ಷದ ವಿಂಬಲ್ಡನ್‌ನಲ್ಲಿ ಪುರುಷರಲ್ಲಿ ಗೆದ್ದ ರಾಡ್ ಲೇವರ್‌ಗೆ 2,000 ಪೌಂಡ್, ಮಹಿಳೆಯರಲ್ಲಿ ಗೆದ್ದ ಬಿಲ್ಲಿ ಜೀನ್ ಕಿಂಗ್‌ಗೆ 750. ಹೆಂಗಸರಿಗೆ ಅರ್ಧಕ್ಕಿಂತ ಕಮ್ಮಿ, ಆದರೂ ಸೊನ್ನೆಯಲ್ಲ. ಆಲ್ತಿಯಾ ಆಗ 40 ದಾಟಿದ್ದರು. ಆಲ್ತಿಯಾರ ನಂತರ ಗ್ರ್ಯಾಂಡ್‌ಸ್ಲ್ಯಾಮ್ ಸಿಂಗಲ್ಸ್ ಗೆದ್ದ ಮುಂದಿನ ಕಪ್ಪು ಅಮೆರಿಕನ್ ಮಹಿಳೆ ಸೆರೆನಾ ವಿಲಿಯಮ್ಸ್, 1999ರಲ್ಲಿ. ನಡುವೆ 41 ವರ್ಷ.

1990ರ ದಶಕದಲ್ಲಿ ಆಲ್ತಿಯಾಗೆ ಪಾರ್ಶ್ವವಾಯು ಬಡಿಯಿತು. ನ್ಯೂಜೆರ್ಸಿಯ ಈಸ್ಟ್ ಆರೆಂಜ್‌ನಲ್ಲಿ ಒಂಟಿ ವಾಸ. ಬಾಡಿಗೆಗೂ ಔಷಧಕ್ಕೂ ಹಣ ಇಲ್ಲ. ಒಂದು ದಿನ ಇಂಗ್ಲೆಂಡಿಗೆ ಫೋನ್ ಮಾಡಿದರು. ಬದುಕು ಸಾಕಾಗಿದೆ, ನಿನಗೆ ವಿದಾಯ ಹೇಳೋಣ ಅಂತ ಮಾಡಿದೆ ಅಂದರು. ಆ ಕಡೆ ಫೋನ್ ಎತ್ತಿದ್ದು ಏಂಜೆಲಾ ಬಕ್ಸ್‌ಟನ್. ಭಾರತದಲ್ಲಿ ಸಿಕ್ಕ ಆ ಗೆಳತಿ. ಮಣಿಕಟ್ಟಿನ ನೋವಿನಿಂದ ಚಿಕ್ಕ ವಯಸ್ಸಿಗೇ ಆಟ ಬಿಟ್ಟಿದ್ದವರು.

ಬಕ್ಸ್‌ಟನ್ ಮೊದಲು ತಮ್ಮ ಕೈಯಿಂದ ಹಣ ಕಳಿಸಿದರು. ಆಮೇಲೆ ಆಲ್ತಿಯಾರ ಸ್ಥಿತಿಯ ಬಗ್ಗೆ ಟೆನಿಸ್ ಪತ್ರಿಕೆಯೊಂದಕ್ಕೆ ಪತ್ರ ಬರೆದರು. 1950ರಲ್ಲೂ ಒಂದು ಟೆನಿಸ್ ಪತ್ರಿಕೆಯ ಪತ್ರವೇ ಆಲ್ತಿಯಾರನ್ನು ಒಳಗೆ ಬಿಟ್ಟಿತ್ತು. ಈ ಸಲ ಪತ್ರ ಓದಿದವರು ಬೇರೆ ಬೇರೆ ದೇಶಗಳಿಂದ ದುಡ್ಡು ಕಳಿಸಿದರು. ಒಟ್ಟು ಹತ್ತಿರ ಹತ್ತಿರ 10 ಲಕ್ಷ ಡಾಲರ್. ಟೆನಿಸ್ ಆಡಿ ಆಲ್ತಿಯಾ ಒಟ್ಟಾರೆ ಸಂಪಾದಿಸಿದ್ದಕ್ಕಿಂತ ಎಷ್ಟೋ ಜಾಸ್ತಿ. ಅದರಲ್ಲಿ ಅವರು ಇನ್ನೂ ಕೆಲವು ವರ್ಷ ಬದುಕಿದರು. 2003ರ ಸೆಪ್ಟೆಂಬರ್ 28ರಂದು, 76ರ ವಯಸ್ಸಿನಲ್ಲಿ, ತೀರಿಕೊಂಡರು.

2019ರಲ್ಲಿ ಯುಎಸ್ ಓಪನ್ ಅಂಗಳದಲ್ಲಿ ಅವರ ಕಲ್ಲಿನ ಪ್ರತಿಮೆ ಎದ್ದಿತು. ಅದರ ಅನಾವರಣಕ್ಕೆ ಬಕ್ಸ್‌ಟನ್ ಬಂದಿದ್ದರು, ಆಗ ಅವರಿಗೆ 85. 2025ರಲ್ಲಿ ಅಮೆರಿಕದ ಟಂಕಸಾಲೆ 25 ಸೆಂಟಿನ ನಾಣ್ಯವೊಂದರ ಮೇಲೆ ಆಲ್ತಿಯಾರನ್ನು ಅಚ್ಚು ಹಾಕಿತು, ಕೈಯಲ್ಲಿ ರ‍್ಯಾಕೆಟ್ ಸಮೇತ. ದಿನಸಿ ಅಂಗಡಿಯಲ್ಲಿ ಈಗ ಅದು ನಡೆಯುತ್ತದೆ.